ವಾಹನ ಪ್ರಶ್ನೋತ್ತರ: ಸೈರನ್ನಿನ ಕೆಂಪು ವೈರು ಎಲ್ಲಿಗೆ?

ಪ್ರಶ್ನೆ: ನಮ್ಮದು ಹಳೆಯ ಕಾರು. ಹೊರಗಡೆ ಹಾಕಿಸಿದ ಸೆಂಟ್ರಲ್ ಲಾಕಿಂಗ್, ಅಲಾರ್ಮ್ ಇದೆ. ಈ ಮಳೆಗಾಲದಲ್ಲಿ ಸೈರನ್ ಮೊದಲು ಕೀರಲು ದನಿ ಹೊರಡಿಸುತ್ತಿತ್ತು, ಈಗ ಉಸಿರೇ ಇಲ್ಲ. ರಿಮೋಟ್ ಒತ್ತಿದರೆ ಇಂಡಿಕೇಟರ್ ಮಾತ್ರ ಮಿನುಗುತ್ತದೆ. 20 ವ್ಯಾಟ್‌ನ ಹೊಸ ಸೈರನ್ ತರಿಸಿದ್ದೇನೆ. ಕೆಂಪು, ಕಪ್ಪು ಎರಡೇ ವೈರು. ಕೆಂಪನ್ನು ಬ್ಯಾಟರಿ ಪ್ಲಸ್‌ಗೆ ಕೊಟ್ಟರೆ ಮುಗೀತು ಅನ್ನುತ್ತಾನೆ ಅಕ್ಕನ ಮಗ. ಸರಿಯೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕೊಟ್ಟ ಕ್ಷಣದಿಂದ ಕೂಗಲು ಶುರುವಾಗುತ್ತದೆ, ನೀವು ವೈರು ಕೀಳುವವರೆಗೂ ನಿಲ್ಲುವುದಿಲ್ಲ. ಎರಡು ವೈರಿನ ಸೈರನ್‌ಗೆ ಸ್ವಂತ ಬುದ್ಧಿ ಇಲ್ಲ ಸ್ವಾಮಿ. ಯಾವಾಗ ಕೂಗಬೇಕೆಂದು ತೀರ್ಮಾನಿಸುವುದು ಡ್ಯಾಶ್‌ಬೋರ್ಡ್ ಅಡಿಯ ಅಲಾರ್ಮ್ ಬಾಕ್ಸು. ಬೇಕಾದಾಗ ಮಾತ್ರ ಅದು 12 ವೋಲ್ಟ್ ಕಳಿಸುತ್ತದೆ. ಹಳೆಯ ಸೈರನ್ನಿನ ಕೆಂಪು ಎಲ್ಲಿಗೆ ಸೇರಿತ್ತೋ ಹೊಸದರ ಕೆಂಪೂ ಅಲ್ಲಿಗೇ.

ಆದರೆ ಹೊಸದನ್ನು ಡಬ್ಬದಿಂದ ತೆಗೆಯುವ ಮೊದಲು ಹಳೆಯದು ನಿಜವಾಗಿ ಸತ್ತಿದೆಯೇ ನೋಡಿ. ನನ್ನ ಹತ್ತಿರ ಬರುವ ಮಲೆನಾಡಿನ ಗಾಡಿಗಳಲ್ಲಿ ಸೈರನ್ ಚೆನ್ನಾಗಿದ್ದು, ವೈರುಗಳನ್ನು ಸೇರಿಸುವ ಕಪ್ಲರ್‌ನಲ್ಲೋ, ಮೈನಸ್ ವೈರನ್ನು ಕಾರಿನ ತಗಡಿಗೆ ಬಿಗಿದ ಅರ್ತ್‌ನಲ್ಲೋ ಕಿಲುಬು ಹಿಡಿದಿರುವುದೇ ಹೆಚ್ಚು. ಇಲಿ ಕಡಿದದ್ದೂ ಉಂಟು. ಇದಕ್ಕೆ ಬರೀ ಮೀಟರ್ ನಂಬಬೇಡಿ. ಒಂದೇ ಎಳೆ ಉಳಿದ ವೈರಿನಲ್ಲೂ ಮೀಟರ್ 12 ತೋರಿಸುತ್ತದೆ. ಲೋಡ್ ಬಿದ್ದಾಗ ಅದು ಕುಸಿಯುತ್ತದೆ. ಹಿಂದಿನ ಇಂಡಿಕೇಟರ್‌ಗೆ ಹಾಕುವ 21 ವ್ಯಾಟ್ ಬಲ್ಬಿಗೆ ಎರಡು ವೈರು ಕಟ್ಟಿ, ಸೈರನ್ ಇದ್ದ ಜಾಗಕ್ಕೆ ಜೋಡಿಸಿ, ರಿಮೋಟ್‌ನ ಪ್ಯಾನಿಕ್ ಬಟನ್ ಒತ್ತಿ. ನಿಮ್ಮ ಸೈರನ್ ಎಳೆಯುವಷ್ಟೇ ಕರೆಂಟ್, ಅಂದರೆ ಒಂದೂಮುಕ್ಕಾಲು ಆಂಪಿಯರ್ ಹತ್ತಿರ, ಈ ಬಲ್ಬೂ ಎಳೆಯುತ್ತದೆ. ಪ್ರಖರವಾಗಿ ಹೊತ್ತಿದರೆ ಸೈರನ್ನೇ ಕೆಟ್ಟಿದೆ. ಮಂಕಾಗಿ ಹೊತ್ತಿದರೆ ಬಲ್ಬಿನ ಮೈನಸ್ ವೈರನ್ನು ನೇರ ಬ್ಯಾಟರಿಯ ಮೈನಸ್‌ಗೆ ಹಿಡಿಯಿರಿ. ಆಗ ಬೆಳಕು ಏರಿದರೆ ಅರ್ತ್ ಬೋಲ್ಟ್ ಬಿಚ್ಚಿ, ಮರಳು ಕಾಗದದಲ್ಲಿ ಉಜ್ಜಿ ಬಿಗಿ ಮಾಡಿ. ಹೊಸ ಸೈರನ್ ವಾಪಸ್ ಕಳಿಸಬಹುದು.

ಬದಲಿಸಲೇಬೇಕಾದರೆ ಕೀಲಿ ಜೇಬಿನಲ್ಲಿರಲಿ, ಬಾನೆಟ್ ತೆರೆದೇ ಇರಲಿ. ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ, ಸ್ಪ್ಯಾನರೇ ಕಾದು ಕೆಂಪಗಾಗಬಹುದು. ಜೋಡಣೆಗೆ ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ಏರಿಸಿ. ಬರೀ ತಿರುಚಿ ಕರಿ ಟೇಪ್ ಸುತ್ತಿದರೆ ಎಂಜಿನ್ ಶಾಖಕ್ಕೆ ಅಂಟು ಕರಗಿ ಟೇಪ್ ಬಿಚ್ಚಿಕೊಳ್ಳುತ್ತದೆ. ಸೈರನ್ನಿನ ಬಾಯಿ ಕೆಳಮುಖವಾಗಿರಲಿ. ನಿಮ್ಮದು ಮೇಲ್ಮುಖ ಇದ್ದಿರಲೂಬಹುದು, ಮಳೆ ನೀರು ಒಳಗೆ ನಿಂತು ಕೀರಲು ಬರುವುದು ಹಾಗೇ. ಸೈಲೆನ್ಸರ್ ಕೊಳವೆ, ಫ್ಯಾನ್ ಎರಡರಿಂದಲೂ ದೂರ ಕೂರಿಸಿ.

ಬ್ಯಾಟರಿಯಿಂದ ನೇರ ಲೈನ್ ಬೇಕಾಗುವ ಸಂದರ್ಭವೂ ಒಂದಿದೆ. ಕೆಲವು ಬಾಕ್ಸುಗಳು ಸೈರನ್‌ಗೆ ಪ್ಲಸ್ ಬದಲು ಸೈರನ್ ಕೂಗಿಸಲು ಸಾಲದ ದುರ್ಬಲ ಮೈನಸ್ ಕೊಡುತ್ತವೆ. ಅಲ್ಲಿ ನಾಲ್ಕು ಪಿನ್ನಿನ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್ಚು, ಹಾಕಿ. ಪಿನ್ ನಂಬರಿನ ಪ್ರಕಾರ ಜೋಡಣೆ ಹೀಗೆ: 30ಕ್ಕೂ 86ಕ್ಕೂ ಫ್ಯೂಸ್ ದಾಟಿ ಬಂದ ಪ್ಲಸ್, 85ಕ್ಕೆ ಬಾಕ್ಸಿನ ವೈರು, 87ರಿಂದ ಸೈರನ್ನಿನ ಕೆಂಪು. 5 ಆಂಪಿಯರ್ ಫ್ಯೂಸ್ ಸಾಕು, ಅದು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು. ಸೈರನ್ ಪಕ್ಕ ಫ್ಯೂಸ್ ಇಟ್ಟರೆ ಮಧ್ಯದ ವೈರು ಬಾಡಿಗೆ ಉಜ್ಜಿ ಶಾರ್ಟ್ ಆದಾಗ ಕಾಯುವವರಿಲ್ಲ. ಬ್ಯಾಟರಿ ನೂರಾರು ಆಂಪಿಯರ್ ಸುರಿದು ವೈರಿಗೇ ಬೆಂಕಿ ಹತ್ತುತ್ತದೆ. ವೈರು ತಗಡು ದಾಟುವ ತೂತಿಗೆ ರಬ್ಬರ್ ಬುಷ್ ಹಾಕಿ. ಡ್ಯಾಶ್‌ಬೋರ್ಡ್ ಅಡಿ ಹಳದಿ ಸ್ಲೀವಿನ ವೈರು ಕಂಡರೆ ಅದು ಏರ್‌ಬ್ಯಾಗಿನದು, ಬಲ್ಬು, ಮೀಟರ್ ಯಾವುದನ್ನೂ ತಾಗಿಸಬೇಡಿ.

ಪ್ರಶ್ನೆ: ಬ್ಯಾಟರಿ ಬಿಚ್ಚಿದ ತಕ್ಷಣ ನಮ್ಮ ಕಾರಿನ ಸೈರನ್ ಕಿರುಚುತ್ತದೆ. ಹೇಗೆ ಸಾಧ್ಯ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅದರ ಹೊಟ್ಟೆಯಲ್ಲಿ ಸಣ್ಣ ಬ್ಯಾಟರಿ ಇದೆ. ಕಳ್ಳ ಕಾರಿನ ಬ್ಯಾಟರಿ ತೆಗೆದರೂ ಕೂಗಲಿ ಎಂದೇ ಮಾಡಿದ್ದು. ಸಾಮಾನ್ಯವಾಗಿ ಪಕ್ಕದಲ್ಲೇ ಪುಟ್ಟ ಕೀಲಿ ತೂತಿರುತ್ತದೆ. ಮೊದಲು ಅಲ್ಲಿ ಆಫ್ ಮಾಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ಕೀಲಿ ಕಳೆದಿದ್ದರೆ ವೈರು ಕತ್ತರಿಸಿ ಪ್ರಯೋಜನವಿಲ್ಲ, ಇನ್ನೂ ಕೂಗುತ್ತದೆ.