ಸಂಪಾದಕರ ಉತ್ತರ: ಮೂಗಿಗಿಂತ ಮೂಗುತಿ ಭಾರವೇ?

ಹಾಸನ ಜಿಲ್ಲೆಯ ಓದುಗರೊಬ್ಬರು ನಮ್ಮ ಓದುಗರ ಚಿತ್ರಪುಟದ ಬಗ್ಗೆ ಉದ್ದನೆಯ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು: “ಹವ್ಯಾಸಿಗಳು ತೆಗೆದ ಫೋಟೊ ಅಥವಾ ಬಿಡಿಸಿದ ಚಿತ್ರದ ಜೊತೆಗೆ ಅದರ ಹಿಂದಿನ ಕಥೆಯನ್ನೂ ಕಳುಹಿಸಿ ಎಂದು ಕೇಳುತ್ತೀರಿ. ಪುಟದ ಅರ್ಧವನ್ನು ಆ ಕಥೆಗಳೇ ತಿಂದುಹಾಕುತ್ತವೆ. ಒಳ್ಳೆಯ ಚಿತ್ರಕ್ಕೆ ವಿವರಣೆ ಬೇಕಿಲ್ಲ, ಕೆಟ್ಟ ಚಿತ್ರವನ್ನು ವಿವರಣೆ ಉಳಿಸುವುದಿಲ್ಲ. ಮೂಗಿಗಿಂತ ಮೂಗುತಿ ಭಾರವಾಗಿದೆ. ಷಿಕಾಗೊದ ವಿವಿಯನ್ ಮೇಯರ್ ಲಕ್ಷಕ್ಕೂ ಹೆಚ್ಚು ಚಿತ್ರ ತೆಗೆದರು, ಯಾರಿಗೂ ಯಾವ ಕಥೆಯನ್ನೂ ಹೇಳಲಿಲ್ಲ, ಜಗತ್ತೇ ಅವರನ್ನು ಕೊಂಡಾಡುತ್ತಿದೆ. ಕಥೆ ಬಿಡಿ, ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿ.”

ಮಾನ್ಯರೇ, ನಿಮ್ಮ ಸಿಟ್ಟಿನ ಅರ್ಧಕ್ಕೆ ನನ್ನ ಸಹಿಯೂ ಇದೆ. ನಮ್ಮ ಕಚೇರಿಗೆ ಬರುವ ಚಿತ್ರದಲ್ಲಿ ಎತ್ತಿನ ಗಾಡಿ ಇದ್ದರೆ ಶೀರ್ಷಿಕೆ ‘ಬದುಕಿನ ಬಂಡಿ’. ಸುಕ್ಕುಗಟ್ಟಿದ ಮುಖದ ಅಜ್ಜಿ ಇದ್ದರೆ ‘ಕಾಲದ ಗೆರೆಗಳು’. ಮೂಗು ಸೋರುತ್ತಿರುವ ಮಗು ನಕ್ಕರೆ ‘ಮುಗ್ಧ ನಗು’. ಸೂರ್ಯ ಮುಳುಗುತ್ತಿದ್ದರಂತೂ ಜೊತೆಗೊಂದು ಕವನ ಖಚಿತ. ಕೆಳಗೆ ಬರುವ ಕಥೆಯೂ ಅದೇ ಧಾಟಿಯದು: ಆ ಕ್ಷಣ ಮನಸ್ಸು ಮೂಕವಾಯಿತು, ಕೈ ತಾನೇ ಕ್ಯಾಮೆರಾದತ್ತ ಹೋಯಿತು, ಉಳಿದದ್ದು ಇತಿಹಾಸ. ಇದನ್ನೆಲ್ಲ ನಾನು ಕಥೆ ಎಂದು ಕರೆಯುವುದಿಲ್ಲ. ನೋಡುವವರು ಏನನ್ನು ಅನುಭವಿಸಬೇಕು ಎಂದು ಚಿತ್ರ ತೆಗೆದವರು ಹೊರಡಿಸಿದ ಆಜ್ಞೆ ಅದು. ಅಜ್ಜಿಯ ಮುಖದ ಸುಕ್ಕು ನನಗೂ ಕಾಣುತ್ತದೆ. ಆಕೆ ಯಾರು, ಯಾವ ಊರಿನವಳು, ಕ್ಯಾಮೆರಾ ನೋಡಿ ಬೈದಳೋ ಸೆರಗು ಸರಿಮಾಡಿಕೊಂಡಳೋ ಎಂಬುದು ನನಗೆ ಕಾಣುವುದಿಲ್ಲ. ಅದನ್ನು ಹೇಳಬಲ್ಲವರು ಅಲ್ಲಿ ನಿಂತಿದ್ದವರು ಮಾತ್ರ. ನಾವು ಕೇಳುತ್ತಿರುವುದು ಅದನ್ನೇ. ಬರುತ್ತಿರುವುದು ಬೇರೆಯಾದರೆ ದೂರು ಬರವಣಿಗೆಯ ಮೇಲಿರಲಿ, ಕೇಳಿಕೆಯ ಮೇಲೆ ಬೇಡ.

ಮೇಯರ್ ಅವರ ಉದಾಹರಣೆ ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತದೆಯೇ ಎಂಬುದು ನನಗೆ ಅನುಮಾನ. ಆಕೆ ಮಕ್ಕಳನ್ನು ನೋಡಿಕೊಳ್ಳುವ ದಾದಿಯಾಗಿ ದುಡಿದವರು. ಸಾಮಾನು ಇಟ್ಟಿದ್ದ ಗೋದಾಮಿನ ಬಾಡಿಗೆ ಬಾಕಿ ಬಿದ್ದು, 2007ರಲ್ಲಿ ಪೆಟ್ಟಿಗೆಗಳು ಹರಾಜಾದವು. 2009ರಲ್ಲಿ ಆಕೆ ತೀರಿಕೊಂಡರು. ಹೆಸರು ಹಬ್ಬಿದ್ದು ಆಮೇಲೆ. ಆಕೆ ಹೇಳದೆ ಬಿಟ್ಟ ಜಾಗ ಖಾಲಿ ಉಳಿಯಿತೇ? ಪೆಟ್ಟಿಗೆ ಕೊಂಡವರು, ಆಕೆ ಸಾಕಿದ ಮಕ್ಕಳು, ನೆರೆಹೊರೆಯವರು ಎಲ್ಲರೂ ತಮ್ಮ ತಮ್ಮ ಕಥೆ ತಂದು ತುಂಬಿದರು. ಇಂದು ಆಕೆಯ ಚಿತ್ರಗಳಿಗಿಂತ ‘ನಿಗೂಢ ದಾದಿ’ಯ ಕಥೆಯೇ ಹೆಚ್ಚು ಓಡುತ್ತದೆ. ಅಂದ ಹಾಗೆ, ಆಕೆ ಟೇಪ್ ರೆಕಾರ್ಡರ್ ಹಿಡಿದು ಜನರನ್ನು ಮಾತನಾಡಿಸಿದ ಧ್ವನಿಮುದ್ರಿಕೆಗಳೂ ಸಿಕ್ಕಿವೆ. ಮಾತೇ ಬೇಡ ಎಂದವರ ಲಕ್ಷಣ ಅದಲ್ಲ.

ನಮ್ಮದೇ ನೆಲದ ಇನ್ನೊಂದು ಉದಾಹರಣೆ ಕೊಡುತ್ತೇನೆ. ಇದು ನನಗೆ ಬಹಳ ಪ್ರಿಯವಾದದ್ದು, ಹಾಗಾಗಿ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತ ದೊಡ್ಡ ಕ್ಯಾಮೆರಾ ಹೊತ್ತುಕೊಂಡು ಹಂಪಿಗೆ ಬಂದ. ಫೋಟೊ ತೆಗೆಯುವುದು ಅವನ ವೃತ್ತಿಯಲ್ಲ, ಸೈನ್ಯದ ಕೆಲಸದ ನಡುವಿನ ಹವ್ಯಾಸ. ಮೇಣ ಸವರಿದ ಕಾಗದವೇ ಆಗಿನ ನೆಗೆಟಿವ್. ಬೆಳಕನ್ನು ಹಿಡಿಯಲು ನಿಮಿಷಗಟ್ಟಲೆ ಬೇಕು, ಅಷ್ಟರಲ್ಲಿ ನಡೆದುಹೋದವರು ಕಾಗದದ ಮೇಲೆ ಮೂಡುವುದೇ ಇಲ್ಲ. ಆ ಚಿತ್ರಗಳಲ್ಲಿ ಒಂದು ವಿಠ್ಠಲ ದೇವಾಲಯದ ಕಲ್ಲಿನ ರಥದ್ದು. ಇಂದು ಐವತ್ತು ರೂಪಾಯಿ ನೋಟಿನ ಮೇಲೆ ನೀವು ನೋಡುವ ರಥಕ್ಕೆ ಶಿಖರವಿಲ್ಲ. ಗ್ರೀನ್‌ಲಾ ಚಿತ್ರದಲ್ಲಿ ಇದೆ! ಕಲ್ಲಿನ ರಥದ ನೆತ್ತಿಯ ಮೇಲೆ ಇಟ್ಟಿಗೆ ಗಾರೆಯ ಗೋಪುರ ನಿಂತಿದೆ. ಆ ಕಾಗದದ ನೆಗೆಟಿವ್‌ಗಳು ಸುಮಾರು 1980ರ ಹೊತ್ತಿಗೆ ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಏನು ಹೋಯಿತು, ಏನು ಉಳಿಯಿತು ಎಂಬುದು ಕಣ್ಣಿಗೆ ಹೊಡೆಯುತ್ತದೆ.

ಇಲ್ಲಿಯವರೆಗೆ ನಿಮ್ಮ ವಾದವೇ ಗೆದ್ದಂತಿದೆ: ಚಿತ್ರ ತಾನೇ ಮಾತನಾಡಿತು. ಆದರೆ ಹಂಪಿಯ ಬಜಾರಿನಲ್ಲಿ ಆಗ ಯಾರು ವಾಸವಿದ್ದರು? ಆ ಭಾರದ ಕ್ಯಾಮೆರಾವನ್ನು ಬಂಡೆಗಳ ಮೇಲೆ ಹೊತ್ತವರು ಯಾರು? ಸೆಕೆಯಲ್ಲಿ ರಾಸಾಯನಿಕ ಕೆಡದಂತೆ ಯಾವ ಮಂಟಪದ ಕತ್ತಲೆಯಲ್ಲಿ ಕೆಲಸ ನಡೆಯಿತು? ಆ ಖಾಲಿ ಬೀದಿ ನಿಜವಾಗಿಯೂ ಖಾಲಿ ಇತ್ತೇ, ಅಥವಾ ನಡೆದಾಡಿದವರು ಕಾಗದದಿಂದ ಮಾಯವಾದರೇ? ಚಿತ್ರ ಇವುಗಳಲ್ಲಿ ಒಂದಕ್ಕೂ ಉತ್ತರಿಸುವುದಿಲ್ಲ. ನಿಮ್ಮ ಜಿಲ್ಲೆಗೂ ಇಂಥದ್ದೇ ಭಾಗ್ಯ ಒದಗಿತ್ತು. ಅದೇ ಸೈನ್ಯದ ಲಿನೇಯಸ್ ಟ್ರೈಪ್ 1854ರ ಕೊನೆಯಲ್ಲಿ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದ. ಬೇಲೂರಿನ ಅಂಗಳದಲ್ಲಿ ಆ ಯಂತ್ರವನ್ನು ಮೊದಲ ಸಲ ಕಂಡವರು ಏನೆಂದುಕೊಂಡರು ಎಂದು ಒಂದು ಪುಟ ಸಿಕ್ಕಿದ್ದರೆ ನೀವು ಓದದೆ ಬಿಡುತ್ತಿದ್ದಿರಾ? ಆ ಒಂದು ಪುಟಕ್ಕಾಗಿ ನಾನಂತೂ ನಮ್ಮ ಒಂದು ಇಡೀ ಸಂಚಿಕೆಯನ್ನು ಬಿಟ್ಟುಕೊಟ್ಟೇನು.

ಕಥೆ ಹೇಳಿದರೆ ಸಾಲದು, ಬೇಗ ಹೇಳಬೇಕು. ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ 1936ರ ಮಾರ್ಚ್‌ನಲ್ಲಿ ಡೊರೊತಿಯಾ ಲ್ಯಾಂಗ್ ತೆಗೆದ ವಲಸೆ ತಾಯಿಯ ಚಿತ್ರವನ್ನು ನೀವು ನೋಡಿರುತ್ತೀರಿ. ಹೆಗಲಿಗೆ ಮುಖ ಅಡಗಿಸಿದ ಇಬ್ಬರು ಮಕ್ಕಳು, ಗುಡಾರದಲ್ಲಿ ಕುಳಿತು ಕೆನ್ನೆಗೆ ಕೈ ಹಚ್ಚಿದ ತಾಯಿ. ಲ್ಯಾಂಗ್ ವೃತ್ತಿಪರರು, ಸರ್ಕಾರಕ್ಕಾಗಿ ಕೆಲಸ ಮಾಡುತ್ತಿದ್ದವರು. ಚಿತ್ರದ ಹಿಂದಿನ ಪ್ರಸಿದ್ಧ ಕಥೆಯನ್ನು ಅವರು ಬರೆದದ್ದು 1960ರಲ್ಲಿ, ಇಪ್ಪತ್ತನಾಲ್ಕು ವರ್ಷಗಳ ನಂತರ. ಆಕೆಯ ಹೆಸರು ಕೇಳಲಿಲ್ಲ ಎಂದು ಅದರಲ್ಲಿ ಅವರೇ ಬರೆದಿದ್ದಾರೆ. ಆಹಾರಕ್ಕಾಗಿ ಕಾರಿನ ಟಯರುಗಳನ್ನು ಆಗಷ್ಟೇ ಮಾರಿದ್ದರು ಎಂದೂ ಬರೆದರು. 1978ರಲ್ಲಿ ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿಯಿತು. ನನ್ನ ಚಿತ್ರ ತೆಗೆಯದಿದ್ದರೇ ಚೆನ್ನಾಗಿತ್ತು, ಅದರಿಂದ ನನಗೆ ಕಾಸೂ ಬರಲಿಲ್ಲ ಎಂದು ಆಕೆ ಹೇಳಿದರು. ಟಯರು ಮಾರಿದ ಮಾತನ್ನು ಆಕೆಯ ಕುಟುಂಬ ಒಪ್ಪಲಿಲ್ಲ. ಇಲ್ಲಿ ಯಾರೂ ಬೇಕೆಂದು ಸುಳ್ಳು ಹೇಳಿದರೆಂದು ನಾನು ಹೇಳುವುದಿಲ್ಲ. ಇಷ್ಟು ವರ್ಷ ಹಳೆಯದಾದ ನೆನಪು ಬೇರೊಂದು ಗುಡಾರದ ಮಾತನ್ನು ಈ ಗುಡಾರಕ್ಕೆ ತಂದು ಅಂಟಿಸಿಬಿಡಬಲ್ಲದು. ಅದಕ್ಕೇ ನಮ್ಮ ಹವ್ಯಾಸಿಗಳಿಗೆ ನಾನು ಪದೇ ಪದೇ ಹೇಳುವುದು: ಚಿತ್ರ ತೆಗೆದ ಸಂಜೆಯೇ ನಾಲ್ಕು ಸಾಲು ಗೀಚಿಡಿ, ಚಿತ್ರದಲ್ಲಿರುವವರ ಹೆಸರು ಕೇಳಿ, ಅಚ್ಚಾಗುವುದಕ್ಕೆ ಅವರ ಒಪ್ಪಿಗೆ ಇದೆಯೇ ವಿಚಾರಿಸಿ.

ಬೇಕೆಂದೇ ಹೇಳುವ ಸುಳ್ಳು ಬೇರೆ. 2017ರಲ್ಲಿ ‘ವರ್ಷದ ವನ್ಯಜೀವಿ ಛಾಯಾಗ್ರಾಹಕ’ ಎಂಬ ಸ್ಪರ್ಧೆಯಲ್ಲಿ ಬಹುಮಾನ ಪಡೆದ ಒಂದು ಚಿತ್ರದಲ್ಲಿ, ಬ್ರೆಜಿಲ್‌ನ ರಾತ್ರಿಯಲ್ಲಿ ಹೊಳೆಯುವ ಗೆದ್ದಲ ಗೂಡಿನತ್ತ ಇರುವೆಭಕ್ಷಕವೊಂದು ಬರುತ್ತದೆ. ಆ ಪ್ರಾಣಿ ಸತ್ತ ಇರುವೆಭಕ್ಷಕದ ಚರ್ಮಕ್ಕೆ ಒಳತುಂಬಿ ಮಾಡಿದ ಬೊಂಬೆಯಿರಬಹುದೆಂದು ಸ್ಪರ್ಧೆಯ ಸಂಘಟಕರು 2018ರಲ್ಲಿ ಬಹುಮಾನ ಹಿಂತೆಗೆದುಕೊಂಡರು. ಛಾಯಾಗ್ರಾಹಕರು ಆರೋಪವನ್ನು ಒಪ್ಪಲಿಲ್ಲ. 2019ರಲ್ಲಿ ದುಬೈನ ಹಿಪಾ ಎಂಬ ಛಾಯಾಗ್ರಹಣ ಸ್ಪರ್ಧೆಯಲ್ಲಿ 1,20,000 ಡಾಲರ್ ಗೆದ್ದ ಚಿತ್ರ ವಿಯೆಟ್ನಾಂನ ಒಬ್ಬ ತಾಯಿ ಮತ್ತು ಮಕ್ಕಳದ್ದು. ಹೊಲದ ಬಳಿ ಯೋಜಿಸದೆ ಸಿಕ್ಕ ಕ್ಷಣ ಎಂದು ಪ್ರಕಟಣೆ ಹೇಳಿತು. ಸ್ವಲ್ಪ ದಿನಗಳಲ್ಲೇ ಇನ್ನೊಂದು ಫೋಟೊ ಹೊರಬಂತು: ಅದೇ ತಾಯಿ, ಸುತ್ತಲೂ ಕ್ಯಾಮೆರಾ ಹಿಡಿದವರ ಗುಂಪು. ಗುಂಪಿನಲ್ಲಿ ನಿಂತು ತೆಗೆಯುವುದು ಅಪರಾಧವಲ್ಲ. ಕಥೆಯಿಂದ ಗುಂಪನ್ನು ಅಳಿಸಿದ್ದು ಮಾತ್ರ ಸರಿಯಲ್ಲ. ನಮ್ಮ ಕಡೆಯೂ ಛಾಯಾಗ್ರಹಣ ಕಾರ್ಯಾಗಾರದವರು ಕುರಿಮಂದೆಯನ್ನು ಬಾಡಿಗೆಗೆ ಹಿಡಿದು, ಮುಂಜಾನೆಯ ಬಿಸಿಲುಕೋಲಿನಲ್ಲಿ ಧೂಳೆಬ್ಬಿಸಿ ಓಡಿಸಿದ ಚಿತ್ರಗಳು ನಮ್ಮ ಮೇಜಿಗೆ ಬರುತ್ತವೆ. ಒಂದೇ ಕುರುಬ, ಒಂದೇ ಕಂಬಳಿ, ಒಂದೇ ಮರ, ಕಳುಹಿಸಿದವರು ಮಾತ್ರ ಬೇರೆ ಬೇರೆ. ಜೊತೆಯ ಕಥೆ: ‘ಹಳ್ಳಿಯ ದಾರಿಯಲ್ಲಿ ಅಕಸ್ಮಾತ್ ಕಂಡ ದೃಶ್ಯ’. ದಯವಿಟ್ಟು ಹಾಗೆ ಬರೆಯಬೇಡಿ. ‘ಕುರಿಗಾಹಿಗೆ ಹಣ ಕೊಟ್ಟು ಮಂದೆಯನ್ನು ಎರಡು ಸಲ ಓಡಿಸಿದೆವು’ ಎಂದೇ ಬರೆಯಿರಿ, ಚೆನ್ನಾಗಿದ್ದರೆ ಪ್ರಕಟಿಸುತ್ತೇವೆ. ಉತ್ತರ ಕನ್ನಡದ ಗಣೇಶಗುಡಿಯಲ್ಲಿ ಹಕ್ಕಿಗಳಿಗೆಂದು ಇಟ್ಟ ನೀರಿನ ತೊಟ್ಟಿಯ ಎದುರು ಕುಳಿತು ತೆಗೆದ ಚಿತ್ರವಾದರೆ ತೊಟ್ಟಿಯನ್ನೂ ಹೇಳಿ, ಹಕ್ಕಿಯ ಅಂದವೇನೂ ಕುಂದುವುದಿಲ್ಲ. ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು ಒಪ್ಪಿಕೊಂಡಿರುವ ನಿಸರ್ಗ ವಿಭಾಗದ ನಿಯಮದಲ್ಲಿ ಚಿತ್ರದ ಚೆಲುವಿಗಿಂತ ಅದು ಹೇಳುವ ಕಥೆಗೆ ಹೆಚ್ಚು ತೂಕವಿದೆ. ಹಾಗಿರುವಾಗ ಆ ಕಥೆ ನಿಜವಾಗಿರಬೇಕು ಎಂದು ಕೇಳುವುದು ಅತಿಯಾದೀತೇ?

‘ಹವ್ಯಾಸಿಗಳು’ ಎಂಬ ಪದವನ್ನು ನೀವು ಎರಡು ಕಡೆ ಕೊಂಕಾಗಿ ಬಳಸಿದ್ದೀರಿ. ಅದು ನನಗೆ ಹಿಡಿಸಲಿಲ್ಲ. ಈ ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರು ಕಪ್ಪು ಬಿಳುಪಿನಲ್ಲಿ ತೆಗೆದ ಕಾಡಿನ ಚಿತ್ರಗಳು ಹವ್ಯಾಸಿಯ ಚಿತ್ರಗಳೇ. ಮೂಡಿಗೆರೆಯ ತೋಟದ ನಡುವೆ ಹಕ್ಕಿಗಳಿಗಾಗಿ ಕಾದು ಕುಳಿತ ಪೂರ್ಣಚಂದ್ರ ತೇಜಸ್ವಿಯವರಿಗೂ ಯಾವ ಪತ್ರಿಕೆಯೂ ಗಡುವು ಕೊಟ್ಟಿರಲಿಲ್ಲ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ನಡೆದುಕೊಂಡು ಬಂದಿರುವುದು ಬೇರೆ ಬೇರೆ ಉದ್ಯೋಗ ಮಾಡಿಕೊಂಡು ಭಾನುವಾರ ಕ್ಯಾಮೆರಾ ಹಿಡಿಯುವವರಿಂದ. ವೃತ್ತಿಪರರು ಕೆಲಸ ಮುಗಿಸಿ ಮುಂದಿನ ಊರಿಗೆ ಹೋಗಲೇಬೇಕು. ಹವ್ಯಾಸಿ ಅದೇ ಕೆರೆ, ಅದೇ ಮರ, ಅದೇ ಹೂವಿನ ಅಂಗಡಿಗೆ ಮತ್ತೆ ಮತ್ತೆ ಹೋಗಬಲ್ಲ. ಆ ಮರುಭೇಟಿಗಳಲ್ಲಿ ಗಳಿಸಿದ ತಿಳಿವಳಿಕೆ ಚಿತ್ರದಲ್ಲಿ ಪೂರ್ತಿ ಹಿಡಿಸುವುದಿಲ್ಲ.

ಹವ್ಯಾಸಿ ಹೇಗೆ ಬರೆಯಬಹುದು ಎಂಬುದಕ್ಕೆ ನನ್ನ ಮಾದರಿ ಕೊಲ್ಕತ್ತಾದಲ್ಲಿ 1815ರಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರನ್. ಇಂಗ್ಲೆಂಡಿನಲ್ಲಿದ್ದಾಗ, ನಲವತ್ತೆಂಟನೆಯ ವಯಸ್ಸಿನಲ್ಲಿ, ಮಗಳು ಮತ್ತು ಅಳಿಯ ಉಡುಗೊರೆಯಾಗಿ ಕೊಟ್ಟ ಕ್ಯಾಮೆರಾದಿಂದ ಆರಂಭಿಸಿದವರು. ಹತ್ತು ವರ್ಷಗಳ ನಂತರ ತಮ್ಮ ಕೆಲಸದ ಕಥೆ ಬರೆದರು. ಕಲ್ಲಿದ್ದಲು ಕೋಣೆ ಚಿತ್ರ ತೊಳೆಯುವ ಕತ್ತಲೆಕೋಣೆಯಾಯಿತಂತೆ, ಕೋಳಿಗೂಡು ಚಿತ್ರ ತೆಗೆಯುವ ಗಾಜಿನ ಮನೆಯಾಯಿತಂತೆ. ಕೋಳಿಗಳಿಗೆ ಬಿಡುಗಡೆ ಸಿಕ್ಕಿತು, ಅವುಗಳನ್ನು ಯಾರೂ ತಿನ್ನಲಿಲ್ಲವೆಂದು ನಂಬುತ್ತೇನೆ ಎಂದು ನಗಿಸುತ್ತಾರೆ. ತೆಗೆದ ಮೊದಲ ಚಿತ್ರದ ಗಾಜಿನ ಹಸಿಲೇಪದ ಮೇಲೆ ತಾವೇ ಕೈಯಾಡಿಸಿ ಅಳಿಸಿಹಾಕಿದ್ದನ್ನೂ ಮುಚ್ಚಿಡುವುದಿಲ್ಲ. 1864ರ ಜನವರಿಯಲ್ಲಿ ಆನಿ ಎಂಬ ಬಾಲಕಿಯ ಚಿತ್ರ ಸರಿಯಾಗಿ ಮೂಡಿದಾಗ, ಆ ಮಗುವಿಗೆ ಕೊಡಲು ಏನಾದರೂ ಸಿಕ್ಕೀತೇ ಎಂದು ಮನೆಯೆಲ್ಲ ಓಡಾಡಿದ್ದನ್ನು ಹೇಳುತ್ತಾರೆ. ‘ಮನಸ್ಸು ಮೂಕವಾಯಿತು’ ಎಂಬ ಮಾತು ಎಲ್ಲೂ ಇಲ್ಲ, ಆದರೂ ಸಂತೋಷ ನಮಗೆ ಮುಟ್ಟುತ್ತದೆ.

ಚಿತ್ರ ಬಿಡಿಸುವವರ ವಿಷಯ ಸ್ವಲ್ಪ ಬೇರೆ. ಕ್ಯಾಮೆರಾ ಹಿಡಿದವರಿಂದ ನನಗೆ ಚೌಕಟ್ಟಿನ ಹೊರಗೆ ಏನಿತ್ತು ಎಂದು ತಿಳಿಯಬೇಕು. ಕುಂಚ ಹಿಡಿದವರಿಂದ ಚೌಕಟ್ಟಿನ ಒಳಗಿದ್ದ ಏನನ್ನು ಕೈಬಿಟ್ಟಿರಿ ಎಂದು ತಿಳಿಯಬೇಕು. ಬೇಲೂರಿನ ಗೋಪುರ ಬಿಡಿಸಿದವರು ವಿದ್ಯುತ್ ತಂತಿಯನ್ನು ಯಾಕೆ ಬಿಟ್ಟರು, ಎಳನೀರಿನ ಗಾಡಿಯನ್ನು ಯಾಕೆ ಉಳಿಸಿಕೊಂಡರು? ಬಣ್ಣವನ್ನಂತೂ ಬರೆದೇ ಇಡಬೇಕು. 1888ರ ಅಕ್ಟೋಬರ್‌ನಲ್ಲಿ ಡಚ್ ಕಲಾವಿದ ವ್ಯಾನ್ ಗೋ ತಮ್ಮ ಮಲಗುವ ಕೋಣೆಯ ಚಿತ್ರ ಬರೆದು, ಸೋದರ ತಿಯೊನಿಗೆ ಬರೆದ ಪತ್ರದಲ್ಲಿ ಗೋಡೆ ತಿಳಿನೇರಳೆ, ನೆಲ ಕೆಂಪು ಹೆಂಚು ಎಂದು ಒಂದೊಂದೇ ವಸ್ತುವಿನ ಬಣ್ಣ ಹೇಳುತ್ತಾರೆ. ಇಂದು ಆ ಗೋಡೆ ನೀಲಿಯಾಗಿ ಕಾಣುತ್ತದೆ, ಏಕೆಂದರೆ ಅದರಲ್ಲಿ ಬೆರೆತಿದ್ದ ಕೆಂಪು ಮಾಸಿಹೋಗಿದೆ. ಪ್ರಯೋಗಾಲಯದ ಪರೀಕ್ಷೆಗಳು ಪತ್ರದ ಮಾತನ್ನೇ ಎತ್ತಿಹಿಡಿದವು. ಎಷ್ಟು ಸಾದಾ ಬರವಣಿಗೆ! ಅದರಲ್ಲಿ ಚಿತ್ರವೇ ಕಳೆದುಕೊಂಡದ್ದು ಉಳಿದಿದೆ.

ಇನ್ನು ನಿಮ್ಮ ಬೇಡಿಕೆ. ಕಥೆಯನ್ನು ಬಿಡುವುದಿಲ್ಲ. ಆದರೆ ಮುಂದಿನ ಸಂಚಿಕೆಯಿಂದ ಚಿತ್ರವನ್ನು ಪುಟದ ಮುಕ್ಕಾಲು ಭಾಗಕ್ಕೆ ಹಿಗ್ಗಿಸುತ್ತೇವೆ, ಕವನಮಯ ಶೀರ್ಷಿಕೆಗಳನ್ನು ಕೈಬಿಡುತ್ತೇವೆ. ‘ಬದುಕಿನ ಬಂಡಿ’ಗೆ ಇಂದಿನಿಂದ ನಿವೃತ್ತಿ. ಊರು, ತಿಂಗಳು, ಚಿತ್ರದಲ್ಲಿರುವವರು ಯಾರು, ಅವರು ಒಪ್ಪಿದರೇ ಎಂಬಷ್ಟು ಕಡ್ಡಾಯ. ಉಳಿದದ್ದನ್ನು ಬರೆಯುವವರು ಬರೆಯಲಿ. ಭಾವನೆಯ ವಾಕ್ಯಗಳಿಗೆ ನಮ್ಮ ಕತ್ತರಿ ಹರಿತವಾಗಿಯೇ ಇರುತ್ತದೆ.

ಪತ್ರದ ಜೊತೆ ನೀವೂ ಒಂದು ಚಿತ್ರ ಇಟ್ಟಿದ್ದೀರಿ, ಹಿಂಬದಿಯಲ್ಲಿ ಒಂದು ಅಕ್ಷರವೂ ಇಲ್ಲ. ಹಠ ಮೆಚ್ಚಿದೆ, ಚಿತ್ರವನ್ನು ಇನ್ನೂ ಹೆಚ್ಚು ಮೆಚ್ಚಿದೆ. ತೆಂಗಿನ ನಾರಿನ ಹಗ್ಗದ ರಾಶಿಯ ನಡುವೆ ಕುಳಿತ ಮುದುಕ, ಪಕ್ಕದಲ್ಲಿ ಖಾಲಿ ಕುರ್ಚಿ, ಕುರ್ಚಿಯ ಮೇಲೆ ಹೆಂಗಸರ ಕೈಚೀಲ. ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದ ಲೆಕ್ಕ, ಅದರಲ್ಲಿ ಕೆಲವು ಸಾಲುಗಳನ್ನು ಹೊಡೆದುಹಾಕಲಾಗಿದೆ. ನಮ್ಮ ಕಚೇರಿಯಲ್ಲಿ ಈ ಚಿತ್ರದ ಸುತ್ತ ಅರ್ಧ ಗಂಟೆ ಚರ್ಚೆ ನಡೆಯಿತು. ಅದು ಹಗ್ಗದ ಲೆಕ್ಕವೋ ಸಾಲದ ಲೆಕ್ಕವೋ? ಯಾವ ಸಂತೆ, ಅರಸೀಕೆರೆಯದೋ ಚನ್ನರಾಯಪಟ್ಟಣದ್ದೋ? ಚೀಲದ ಒಡತಿ ಚಿತ್ರದಲ್ಲಿ ಬರಲು ಒಪ್ಪದೆ ಎದ್ದು ಹೋದರೇ? ಮುಂದಿನ ಸಂಚಿಕೆಗೆ ಈ ಚಿತ್ರವನ್ನು ಆರಿಸಿದ್ದೇವೆ. ಆ ಹಿರಿಯರ ಹೆಸರು, ಅವರ ಒಪ್ಪಿಗೆ ಮತ್ತು ಗೋಡೆಯ ಲೆಕ್ಕದ ವಿವರ ಈ ತಿಂಗಳ ಇಪ್ಪತ್ತರೊಳಗೆ ನಮಗೆ ತಲುಪಲಿ. ಅಂಚೆಯಲ್ಲಾದರೂ ಸರಿ, ಫೋನಿನಲ್ಲಾದರೂ ಸರಿ.

– ಸಂಪಾದಕ