ನಿಮ್ಮ ‘ಜೀವಕೋಶದ ದಿನಚರಿ’ ಕುರಿತು

ನಮಸ್ಕಾರ.

ಆಳಂದದಿಂದ ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಜೀವಕೋಶ ತಾನು ಎದುರಿಸಿದ್ದನ್ನು ತನ್ನ ಡಿಎನ್‌ಎಯಲ್ಲೇ ದಾಖಲಿಸುವಂತೆ ವಿಜ್ಞಾನಿಗಳು ಮಾಡಿದ್ದು ಕೈಬಿಡುವಂಥ ವಿಷಯವಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಡಿಎನ್‌ಎಯನ್ನು ಸನ್ನತಿಯ ಅಶೋಕನ ಶಾಸನಕ್ಕೆ ಹೋಲಿಸಿದ್ದೀರಿ. ನಮ್ಮ ಜಿಲ್ಲೆಯ ಓದುಗರಿಗೆ ಹಿತವೆನಿಸಬಹುದು, ಇಲ್ಲಿ ಹೊಂದುವುದಿಲ್ಲ. ಶಾಸನ ಒಮ್ಮೆ ಕೆತ್ತಿದರೆ ಮುಗಿಯಿತು. ನೀವು ಹೇಳಹೊರಟಿರುವುದು ಬೆಳೆಯುತ್ತಲೇ ಇರುವ ಬರಹ. ಕಲಬುರಗಿಯ ಗಂಜ್‌ನಲ್ಲಿ ತೊಗರಿ ಬಂದಂತೆಲ್ಲ ಗುಮಾಸ್ತ ಕಿರ್ದಿಗೆ ಸಾಲು ಸೇರಿಸುತ್ತಾನಲ್ಲ, ಅದು ಹತ್ತಿರದ ಚಿತ್ರ. ಬ್ಯಾಕ್ಟೀರಿಯಾ ತನ್ನೊಳಗೆ ಬಂದ ಡಿಎನ್‌ಎಯ ತುಣುಕುಗಳನ್ನು ಜೋಡಿಸಿಡುವ ಕ್ರಿಸ್ಪರ್ ಸಾಲಿನಲ್ಲಿ ಮಾತ್ರ ಹೊಸ ತುಣುಕು ಕೊನೆಗಲ್ಲ, ಎಲ್ಲಕ್ಕಿಂತ ಮುಂದೆ ಬಂದು ಕೂರುತ್ತದೆ. ಕ್ಯಾಸ್1, ಕ್ಯಾಸ್2 ಎಂಬ ಪ್ರೋಟೀನುಗಳು ಅದನ್ನು ತಂದು ಸೇರಿಸುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಈ ಕ್ರಮದಿಂದಲೇ ತಿಳಿಯುತ್ತದೆ. ಲೇಖನದ ಜೀವಾಳವೇ ಇದು. ನೀವು ಅರ್ಧ ವಾಕ್ಯದಲ್ಲಿ ಮುಗಿಸಿದ್ದೀರಿ.

“ಕೋಶ ತನಗಾದದ್ದನ್ನೆಲ್ಲ ಬರೆದಿಡುತ್ತದೆ” ಎಂಬ ಮಾತು ತಪ್ಪು, ತೆಗೆಯಿರಿ. ವಿಜ್ಞಾನಿಗಳು ಯಾವ ಸಂಕೇತವನ್ನು ಗೊತ್ತುಮಾಡಿರುತ್ತಾರೋ ಅದಷ್ಟೇ ದಾಖಲಾಗುತ್ತದೆ. 2017ರ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಯೋಗವನ್ನು ಬರೀ ಹೆಸರಿಸಿ ಬಿಟ್ಟಿದ್ದೀರಿ, ಬಿಡಿಸಿ ಹೇಳಿ. ಗೊತ್ತಾದ ರಾಸಾಯನಿಕ ಎದುರಾದಾಗ ಕೋಶದೊಳಗೆ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಯ ಪ್ರತಿಗಳು ಹೆಚ್ಚುತ್ತವೆ. ಆಗ ಅದರ ತುಣುಕುಗಳು ಸಾಲಿಗೆ ಸೇರುವುದೂ ಹೆಚ್ಚುತ್ತದೆ. ರಾಸಾಯನಿಕ ಇಲ್ಲದಾಗ ಸೇರುವುದು ಬೇರೆ ಡಿಎನ್‌ಎಯ ತುಣುಕು. ಏನೂ ನಡೆಯದ ದಿನಕ್ಕೂ ಗುರುತು ಉಳಿಯುತ್ತದೆ! ಇದನ್ನು ಓದಿದಾಗಲೆಲ್ಲ ನನಗೆ ಬೆರಗಾಗುತ್ತದೆ.

ಅದೇ ವರ್ಷ ಹಾರ್ವರ್ಡ್‌ನಲ್ಲಿ ಓಡುವ ಕುದುರೆಯ ಐದು ಚಿತ್ರಗಳನ್ನು ಡಿಎನ್‌ಎ ತುಣುಕುಗಳಾಗಿಸಿ ಇ. ಕೊಲೈ ಎಂಬ ಬ್ಯಾಕ್ಟೀರಿಯಾದಲ್ಲಿ ಬರೆದದ್ದು ನೀವೆಂದಂತೆ ‘ಒಂದೇ ಬ್ಯಾಕ್ಟೀರಿಯಾದೊಳಗಿನ ಸಿನಿಮಾ’ ಅಲ್ಲ. ಒಂದು ಕೋಶ ಹಿಡಿಯುವುದು ಕೆಲವೇ ತುಣುಕು. ಅಸಂಖ್ಯ ಕೋಶಗಳ ಸಾಲುಗಳನ್ನು ಓದಿ ಕೂಡಿಸಿದಾಗ ಸುಮಾರು ಶೇ 90ರಷ್ಟು ನಿಖರವಾಗಿ ಕುದುರೆ ಮರಳಿ ಸಿಕ್ಕಿತು.

ನಿಮ್ಮ ತಂದೆಯವರ ತೊಗರಿ ನೆಟೆ ರೋಗಕ್ಕೆ ಒಣಗಿದ್ದನ್ನು ಮೂರು ಸಾಲಿನಲ್ಲಿ ಹೇಳಿದ್ದೀರಿ. ಲೇಖನ ಅಲ್ಲಿಂದಲೇ ಶುರುವಾಗಲಿ. ಗಿಡ ಬಾಡಿದ್ದು ಕಣ್ಣಿಗೆ ಬೀಳುವ ಮೊದಲೇ ಶಿಲೀಂಧ್ರ ಬೇರಿಗೆ ಇಳಿದಿರುತ್ತದೆ. ಆ ನಡುವಿನ ದಿನಗಳಲ್ಲಿ ಏನಾಯಿತೆಂದು ಹೇಳಬಲ್ಲ ಸಾಕ್ಷಿ ಯಾವುದು? ನಿಮ್ಮ ನಿಜವಾದ ಪ್ರಶ್ನೆ ಅದು. ಈ ತಂತ್ರ ನಾಳೆಯೇ ಹೊಲಕ್ಕೆ ಬರುತ್ತದೆ ಎಂಬ ಕೊನೆಯ ಪ್ಯಾರಾ ಮಾತ್ರ ಬೇಡ. ಈ ಪ್ರಯೋಗಗಳು ನಡೆದದ್ದು ಪ್ರಯೋಗಾಲಯದ ಬ್ಯಾಕ್ಟೀರಿಯಾದಲ್ಲಿ. ಬೆಳೆ ಕಳೆದುಕೊಂಡವರಿಗೆ ನಾವು ಇಲ್ಲದ ಭರವಸೆ ಕೊಡಬಾರದು.

ರಾಶಿ ಮುಗಿದ ಮೇಲೆ ಬಿಡುವಾಗಿ ಕುಳಿತು ತಿದ್ದಿರಿ. ಆ ಪ್ರತಿಗಾಗಿ ಕಾಯುತ್ತಿರುತ್ತೇನೆ.

ಸಂಪಾದಕ