ಗ್ರಂಥಾಲಯ ಸಿಬ್ಬಂದಿಗೆ ಯಾವ ತರಬೇತಿ ಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಗ್ರಾಮ ಪಂಚಾಯಿತಿ ಗ್ರಂಥಾಲಯವೊಂದರ ಮೇಲ್ವಿಚಾರಕಿ. ಓದಿರುವುದು ಪಿಯುಸಿ. ಈಚೆಗೆ ಎರಡು ದಿನಗಳ ತರಬೇತಿಗೆ ಹೋಗಿದ್ದೆ. ಯೋಜನೆಗಳ ಬಗ್ಗೆ ಭಾಷಣಗಳಾದವು, ಊಟ ಚೆನ್ನಾಗಿತ್ತು. ಆದರೆ ಪುಸ್ತಕಗಳನ್ನು ಹೇಗೆ ಜೋಡಿಸಬೇಕು, ಮಳೆಗಾಲದಲ್ಲಿ ಬೂಷ್ಟು ಹಿಡಿದರೆ ಏನು ಮಾಡಬೇಕು ಎಂದು ಯಾರೂ ಹೇಳಲಿಲ್ಲ. ನನ್ನಂಥವರು ಎಲ್ಲಿ, ಏನನ್ನು ಕಲಿಯಬೇಕು?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಹಳೆಯ ದಿನಗಳು ನೆನಪಾದವು. ಹಾಸನದಲ್ಲಿ ಕೆಲಸಕ್ಕಿದ್ದಾಗ ನನ್ನನ್ನು ಮೂರು ದಿನಗಳ ಕಂಪ್ಯೂಟರ್ ತರಬೇತಿಗೆ ಕಳುಹಿಸಿದ್ದರು. ಹಿಂದಿರುಗಿ ಬಂದರೆ ನಮ್ಮ ಗ್ರಂಥಾಲಯದಲ್ಲಿ ಕಂಪ್ಯೂಟರೇ ಇರಲಿಲ್ಲ. ಅದು ಬರುವಷ್ಟರಲ್ಲಿ ಎರಡು ವರ್ಷ ಕಳೆದು, ಕಲಿತದ್ದೆಲ್ಲ ಮರೆತುಹೋಗಿತ್ತು. ಅಂದಿನಿಂದ ನಾನು ಯಾವ ತರಬೇತಿಯನ್ನೂ ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ಮುಂದಿನ ಸೋಮವಾರ ನನ್ನ ಕಪಾಟಿನ ಮುಂದೆ ನಿಂತಾಗ ಇದರಿಂದ ಏನು ಬದಲಾಗುತ್ತದೆ?

ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಹಾಗಾಗಿ ನಿಮಗೆ ಏನು ಬೇಕೆಂಬುದನ್ನು ಪಿಡಿಒ ಮೂಲಕ ತಾಲ್ಲೂಕು ಪಂಚಾಯಿತಿಗೆ ಬರೆದು ತಿಳಿಸಬಹುದು. ‘ತರಬೇತಿ ಕೊಡಿ’ ಎಂದಷ್ಟೇ ಬರೆದರೆ ಮತ್ತೆ ಭಾಷಣವೇ ಸಿಗುತ್ತದೆ; ‘ವರ್ಗೀಕರಣ ಮತ್ತು ಪುಸ್ತಕ ಸಂರಕ್ಷಣೆಯ ಬಗ್ಗೆ ಒಂದು ದಿನ, ನಮ್ಮ ಗ್ರಂಥಾಲಯದಲ್ಲಿಯೇ, ನಮ್ಮ ಪುಸ್ತಕಗಳನ್ನೇ ಇಟ್ಟುಕೊಂಡು’ ಎಂದು ಬರೆಯಿರಿ. ಪ್ರಮಾಣಪತ್ರವೂ ಬೇಕೆನಿಸಿದರೆ, ಪಿಯುಸಿ ಮುಗಿಸಿದವರಿಗಾಗಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಆರು ತಿಂಗಳ ಗ್ರಂಥಾಲಯ ವಿಜ್ಞಾನ ಸರ್ಟಿಫಿಕೇಟ್ ಕೋರ್ಸ್ ಇದೆ. ಮುಂದೆ ಪದವಿ ಮುಗಿಸಿದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಲಿಬ್. ಮಾಡಬಹುದು.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಮಾಂಶ ವರ್ಗೀಕರಣ 1876ರಷ್ಟು ಹಳೆಯದಾದರೂ ನಿಮ್ಮ ಊರಿಗೆ ಚೆನ್ನಾಗಿಯೇ ಒದಗುತ್ತದೆ: ಕಾಫಿ ಬೆಳೆಗೆ 633.73, ಮೆಣಸಿಗೆ 633.84, ಕನ್ನಡ ಕಾದಂಬರಿಗೆ 894.8143. ಹೊಸಬರು ಎಡವುವುದು ಒಂದೇ ಕಡೆ. 84 ದೊಡ್ಡ ಸಂಖ್ಯೆ, 9 ಚಿಕ್ಕದು ಎಂದುಕೊಂಡು 633.84ನ್ನು 633.9ರ ಬಲಕ್ಕೆ ಇಡುತ್ತಾರೆ. ಚುಕ್ಕಿಯ ನಂತರದ ಅಂಕಿಗಳನ್ನು ಒಂದೊಂದಾಗಿ ಓದಬೇಕು. ಎಂಟು ಒಂಬತ್ತಕ್ಕಿಂತ ಮೊದಲು ಬರುವುದರಿಂದ ಮೆಣಸಿನ ಪುಸ್ತಕ ಎಡಕ್ಕೇ ನಿಲ್ಲುತ್ತದೆ. ಇಷ್ಟನ್ನು ಹತ್ತು ಪುಸ್ತಕಗಳ ಮೇಲೆ ಅರ್ಧ ಗಂಟೆ ಅಭ್ಯಾಸ ಮಾಡಿದರೆ ಮತ್ತೆ ಮರೆಯುವುದಿಲ್ಲ. ಕನ್ನಡ ಸಾಹಿತ್ಯವನ್ನು ಬಿಟ್ಟರೆ ಸಣ್ಣ ಗ್ರಂಥಾಲಯಕ್ಕೆ ಮೂರಂಕಿ, ಅಗತ್ಯವಿದ್ದಲ್ಲಿ ಚುಕ್ಕಿಯ ನಂತರ ಎರಡಂಕಿ ಸಾಕು. ಬೆನ್ನಿನ ಚೀಟಿಯ ಮೇಲೆ ರೈಲು ಬೋಗಿಯಂಥ ಸಂಖ್ಯೆ ಬರೆಯುವುದು ಪಾಂಡಿತ್ಯ ಪ್ರದರ್ಶನವಷ್ಟೇ.

ಇನ್ನು ಬೂಷ್ಟು. ಗಾಳಿಯ ತೇವಾಂಶ ಶೇ. 65ರ ಮೇಲೇರಿ ಅಲ್ಲೇ ನಿಂತರೆ ಅದು ಬೆಳೆಯತೊಡಗುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಈ ಮಟ್ಟವೇನೂ ಅಪರೂಪವಲ್ಲ. ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯಿರಿ, ಪುಸ್ತಕಗಳನ್ನು ಒತ್ತೊತ್ತಾಗಿ ತುರುಕಬೇಡಿ, ಕೆಳಗಿನ ಹಲಗೆ ನೆಲಕ್ಕೆ ತಾಗದಿರಲಿ. ಬೂಷ್ಟು ಕಂಡ ಪುಸ್ತಕವನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಅದು ಇನ್ನಷ್ಟು ಒಳಗಿಳಿಯುತ್ತದೆ; ಬೇರೆ ಪುಸ್ತಕಗಳಿಂದ ದೂರವಿಟ್ಟು ಮೊದಲು ಒಣಗಿಸಿ, ಆಮೇಲೆ ಮೂಗು, ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಹೊರಜಗುಲಿಯಲ್ಲಿ ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ನೆನೆದ ಪುಸ್ತಕವನ್ನು ಬಿಸಿಲಿಗೆ ಹಾಕಿದರೆ ಹಾಳೆ ಮುರುಟಿಕೊಳ್ಳುತ್ತದೆ. ಹತ್ತಿಪ್ಪತ್ತು ಹಾಳೆಗೊಂದರಂತೆ ಅಚ್ಚಾಗದ ಖಾಲಿ ಕಾಗದ ಇಟ್ಟು, ಫ್ಯಾನ್ ಗಾಳಿಯಲ್ಲಿ ಒಣಗಿಸಿ, ಆ ಕಾಗದಗಳನ್ನು ಆಗಾಗ ಬದಲಾಯಿಸುತ್ತಿರಿ.

ಪ್ರಶ್ನೆ: ಹಾಸನದ ಪದವಿ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿದ್ದೇನೆ. ಹಿಂದಿನವರು ಎಕ್ಸೆಲ್‌ನಲ್ಲಿ ಟೈಪ್ ಮಾಡಿಟ್ಟಿದ್ದ ಸುಮಾರು ಆರು ಸಾವಿರ ಕನ್ನಡ ಪುಸ್ತಕಗಳ ಪಟ್ಟಿಯನ್ನು ಗ್ರಂಥಾಲಯ ನಿರ್ವಹಣೆಯ ಕೋಹಾ ತಂತ್ರಾಂಶಕ್ಕೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತಿವೆ. ಹಣ ಕೊಟ್ಟು ಕೋಹಾ ತರಬೇತಿ ಪಡೆಯಬೇಕೇ?

ಉತ್ತರ: ನಿಮ್ಮ ತೊಂದರೆಗೆ ಕೋಹಾ ಕಾರಣವಲ್ಲ, ಫಾಂಟ್ ಕಾರಣ. ಆ ಪಟ್ಟಿಯನ್ನು ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿರಬೇಕು. ಆ ಪದ್ಧತಿಯಲ್ಲಿ ಕಂಪ್ಯೂಟರಿನೊಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಫಾಂಟ್ ಅದಕ್ಕೆ ಕನ್ನಡದ ವೇಷ ತೊಡಿಸಿರುತ್ತದೆ. ಮೊದಲು ಇಡೀ ಪಟ್ಟಿಯನ್ನು, ಕನ್ನಡ ಅಕ್ಷರಗಳಿಗೇ ಸ್ವಂತ ಸಂಕೇತವಿರುವ ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಆದರೆ ಅರ್ಕಾವತ್ತು, ಒತ್ತಕ್ಷರಗಳಲ್ಲಿ ತಪ್ಪಾಗಬಹುದಾದ್ದರಿಂದ ಐವತ್ತು ಪುಸ್ತಕಗಳನ್ನು ಪುಸ್ತಕಗಳು ಬಂದಂತೆ ದಾಖಲಿಸುವ ಆಕ್ಸೆಷನ್ ರಿಜಿಸ್ಟರ್ ಎದುರಿಗಿಟ್ಟುಕೊಂಡು ತಾಳೆ ನೋಡಿ, ಆಮೇಲೆ ಮುಂದುವರಿಯಿರಿ. ಪಟ್ಟಿಯಲ್ಲಿ ಇಂಗ್ಲಿಷ್ ಪುಸ್ತಕಗಳೂ ಬೆರೆತಿದ್ದರೆ ಅವನ್ನು ಮೊದಲೇ ಬೇರ್ಪಡಿಸಿ. ಇಲ್ಲದಿದ್ದರೆ ಪರಿವರ್ತಕ ಇಂಗ್ಲಿಷನ್ನೂ ಕನ್ನಡ ಮಾಡಿಟ್ಟುಬಿಡುತ್ತದೆ!

ಎರಡನೆಯ ತೊಡಕು ಹೆಸರುಗಳದು. ‘ಕುವೆಂಪು’, ‘ಕೆ.ವಿ. ಪುಟ್ಟಪ್ಪ’, ‘ಪುಟ್ಟಪ್ಪ ಕೆ.ವಿ.’ ಎಂದು ಮೂರು ಬಗೆಯಲ್ಲಿ ನಮೂದಾಗಿದ್ದರೆ ಕಂಪ್ಯೂಟರ್ ಅವರನ್ನು ಮೂವರು ಲೇಖಕರೆಂದೇ ತಿಳಿಯುತ್ತದೆ, ವಿದ್ಯಾರ್ಥಿಗೆ ಮೂರನೆಯ ಒಂದು ಪಾಲು ಪುಸ್ತಕಗಳಷ್ಟೇ ಕಾಣಿಸಬಹುದು. ಒಂದು ರೂಪವನ್ನು ಅಧಿಕೃತವೆಂದು ನಿಶ್ಚಯಿಸಿ, ಉಳಿದವುಗಳಿಂದ ಅದಕ್ಕೆ ಸೂಚನೆ ಕೊಡಬೇಕು. ಕಾವ್ಯನಾಮಗಳೂ ಊರ ಹೆಸರಿನ ಇನಿಷಿಯಲ್‌ಗಳೂ ತುಂಬಿರುವ ನಮ್ಮ ಭಾಷೆಯಲ್ಲಿ ಈ ನಾಮ ನಿಯಂತ್ರಣವನ್ನೇ ಎರಡು ದಿನ ಕಲಿಸಬೇಕು. ನಾನು ಹೋದ ಕಾರ್ಯಾಗಾರಗಳಲ್ಲಿ ಮಾತ್ರ ಇದಕ್ಕೆ ಅರ್ಧ ಗಂಟೆಯೂ ಸಿಗಲಿಲ್ಲ.

ಕೋಹಾ 2000ದಲ್ಲಿ ನ್ಯೂಜಿಲೆಂಡಿನ ಗ್ರಂಥಾಲಯವೊಂದರಲ್ಲಿ ಬಳಕೆಗೆ ಬಂದ ಮುಕ್ತ ತಂತ್ರಾಂಶ. ಮಾವೋರಿ ಭಾಷೆಯಲ್ಲಿ ಆ ಹೆಸರಿಗೆ ಕಾಣಿಕೆ ಎಂದರ್ಥ. ತಂತ್ರಾಂಶಕ್ಕೆ ಹಣವಿಲ್ಲ, ಕಲಿಸುವವರಿಗೆ ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಹಣ ಕಟ್ಟುವ ಮೊದಲು ‘ನಮ್ಮದೇ ಪಟ್ಟಿಯ ಮೇಲೆ ಅಭ್ಯಾಸ ಮಾಡಿಸುತ್ತೀರಾ, ಬ್ಯಾಕಪ್ ತೆಗೆದು ಮತ್ತೆ ತುಂಬುವುದನ್ನು ನಮ್ಮ ಕೈಯಿಂದಲೇ ಮಾಡಿಸುತ್ತೀರಾ?’ ಎಂದು ಕೇಳಿ. ಇಲ್ಲವೆಂದರೆ ಆ ಹಣವನ್ನು ಉಳಿಸಿಕೊಳ್ಳಿ.

ಪ್ರಶ್ನೆ: ಒಂದು ಗಂಟೆಯ ವೆಬಿನಾರ್‌ಗಳಿಂದ ಬಂದ ನಲವತ್ತು ಪ್ರಮಾಣಪತ್ರಗಳು ನನ್ನಲ್ಲಿವೆ. ಬಡ್ತಿಗೆ ಉಪಯೋಗವಾಗುತ್ತವೆಯೇ? (ಅರಸೀಕೆರೆಯ ಅನುದಾನಿತ ಕಾಲೇಜೊಂದರ ಗ್ರಂಥಪಾಲಕರು)

ಉತ್ತರ: ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ಬಡ್ತಿಗೆ ಕೇಳುವುದು ಓರಿಯಂಟೇಷನ್, ರಿಫ್ರೆಶರ್‌ನಂಥ ಹಲವು ದಿನಗಳ ಕೋರ್ಸ್‌ಗಳನ್ನು. ನಲವತ್ತು ವೆಬಿನಾರ್‌ಗಳ ಗಂಟೆಗಳನ್ನು ಕೂಡಿಸಿ ಒಂದು ಕೋರ್ಸ್ ಎಂದು ತೋರಿಸಲು ಬರುವುದಿಲ್ಲ. ನಿಮಗೆ ಯಾವುದು ಬಾಕಿಯಿದೆ ಎಂಬುದನ್ನು ಸೇವಾ ಪುಸ್ತಕ ಮುಂದಿಟ್ಟುಕೊಂಡು ಕಾಲೇಜಿನ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ, ಮತ್ತು ಪರೀಕ್ಷೆಯ ಕೆಲಸ ಮೈಮೇಲೆ ಬೀಳುವ ಮೊದಲೇ ರಜೆಗೆ ಅರ್ಜಿ ಹಾಕಿ.